ಹುಲಿಗೆವ್ವನಿಗೆ ಉಳಿದ ಒಂದೇ ಪದ

ತೇಲುರಂಗ, ತುಂಗಭದ್ರೆಯ ಹಿನ್ನೀರು,
ಮುನಿರಾಬಾದ್ ದಂಡೆ.
ಫೆಬ್ರುವರಿ ೩೧, ೨೪೧೯

ನಾಲ್ಕು ನೂರು ವರ್ಷ ಹಿಂದೆ ಕೂತಿರುವ ಪ್ರೇಕ್ಷಕ ಮಹಾಶಯರಿಗೆ, ರಂಗದ ಅಂಚಿಗೆ ಬಂದು ನಿಂತು ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲ ಕಳೆದ ಮೇಲೆ ಯಾರೋ ಪುಣ್ಯಾತ್ಮರು ಆ ಬಡ ತಿಂಗಳ ಮೇಲೆ ಕನಿಕರಪಟ್ಟು ಜನವರಿ, ಮಾರ್ಚ್, ಮೇ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಅದಕ್ಕೆ ಕೊಟ್ಟರು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆಯಿರಲಿ. ನಾವು ದಿನವೂ ಆಡುವ ಕನ್ನಡದಲ್ಲೇ ಬರೆದಿದ್ದರೆ ನಿಮಗೆ ಮೂರರಲ್ಲಿ ಒಂದು ಪದವೂ ತಿಳಿಯುತ್ತಿರಲಿಲ್ಲ. ಆದ್ದರಿಂದ ನಮ್ಮ ಮಂಡಳಿಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ನಿಮ್ಮ ಕಾಲದ ನಾಟಕದ ಪ್ರತಿಗಳನ್ನು ಓದಿ ಓದಿ ಕಲಿತ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಅಲ್ಲಲ್ಲಿ ಸಿಂಹಾಸನದ ಮೇಲೆ ಕೂತು ಗುಡುಗಿದ ಹಾಗೆ ಅನ್ನಿಸಿದರೆ ಅದು ಆ ಪ್ರತಿಗಳ ತಪ್ಪು, ಸ್ವಲ್ಪ ನನ್ನದೂ ಹೌದು.

ನಾನು ಗವಿಸಿದ್ದಪ್ಪ. ಶ್ರೀ ಬಯಲುಬಸವೇಶ್ವರ ಕೃಪಾಪೋಷಿತ ತೇಲುನಾಟಕ ಮಂಡಳಿಯ ಮಾಲೀಕ, ಮ್ಯಾನೇಜರು, ಮೂವತ್ತೆಂಟು ವರ್ಷಗಳಿಂದ ರಾಜಾಪಾರ್ಟು. ನಮ್ಮ ಕಾಲದಲ್ಲಿ ಪ್ರತಿಯೊಬ್ಬರಿಗೂ ಆಯುಷ್ಯದಲ್ಲಿ ಒಮ್ಮೆ ಹಿಂದಂಚೆ ಹಾಕುವ ಹಕ್ಕಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಹೋಗುವುದು ಖಾತ್ರಿ, ಉತ್ತರ ಮಾತ್ರ ಬರುವುದಿಲ್ಲ. ಬಹಳ ಜನ ಅದನ್ನು ತಮ್ಮ ಮುತ್ತಜ್ಜಂದಿರನ್ನು ಬೈಯುವುದಕ್ಕೆ ಖರ್ಚು ಮಾಡುತ್ತಾರೆ. ಹದಿನೈದು ದಿನದ ಹಿಂದೆ ಬರೆಯಲು ಕೂತಿದ್ದರೆ ನಾನೂ ನಿಮ್ಮನ್ನು ಬೈದೇ ಬರೆಯುತ್ತಿದ್ದೆ. ಕಳೆದ ಮಂಗಳವಾರ ಮಧ್ಯಾಹ್ನದಿಂದ ನಿರಾಳವಾಗಿದ್ದೇನೆ. ಊಟ ರುಚಿಸುತ್ತಿದೆ, ನಿದ್ದೆ ಬರುತ್ತಿದೆ, ಹಾರ್ಮೋನಿಯಂ ಮಾಸ್ತರರು ಶ್ರುತಿ ತಪ್ಪಿಸಿದರೂ ಸಿಟ್ಟು ಬರುತ್ತಿಲ್ಲ. ಇಷ್ಟಕ್ಕೂ ಕಾರಣ ನೀವು ದಿನಕ್ಕೆ ನೂರು ಸಲ ಆಡಿ ಬಿಸಾಡುವ ಒಂದು ಪದ. ಸೂಪರ್.

ಆ ಪದ ನನ್ನ ಚಿಗವ್ವನಿಗೆ ಏನಾಗಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ, ಹೆಸರು ಹುಲಿಗೆವ್ವ. ತಾಯಿ ಇಲ್ಲದ ನನ್ನನ್ನು ಸಾಕಿದವಳು, ಬಣ್ಣ ಹಚ್ಚಿದವಳು, ಮೊದಲ ಮಾತು ಮರೆತಾಗ ರಂಗದ ಪಕ್ಕದ ವಿಂಗಿನಲ್ಲಿ ಮರೆಯಾಗಿ ನಿಂತು ತೊಡೆ ಚಿವುಟಿದವಳು. ನಮ್ಮ ರಂಗಸ್ಥಳ ದೊಡ್ಡದೊಂದು ತೆಪ್ಪದ ಮೇಲಿದೆ. ಹಿಂದೆ ಪರದೆಗಳು, ಅದರ ಹಿಂದೆ ನಮ್ಮ ಮನೆಗಳು, ಅಡುಗೆ ಒಲೆ, ಒಣಗಿಸಿದ ಗಡ್ಡಮೀಸೆ. ಹಿನ್ನೀರಿನ ದಂಡೆಯ ಊರೂರಿಗೆ ತೇಲಿಕೊಂಡು ಹೋಗುತ್ತೇವೆ. ಜನ ದಂಡೆಯ ಮೆಟ್ಟಿಲ ಮೇಲೆ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕೂತು ನೋಡುತ್ತಾರೆ. ಐವತ್ತು ವರ್ಷ ಆ ಮೆಟ್ಟಿಲುಗಳನ್ನು ನಗಿಸಿದವಳು ಹುಲಿಗೆವ್ವ. ಹಾಸ್ಯಪಾರ್ಟು ಅವಳದು. ಬಾಯಿ ಅಂದರೆ ಬಾಯಿ. ಆದರೆ ಅಷ್ಟು ಬಾಯಿಯವಳೂ ಒಂದು ಕಟ್ಟಳೆಗೆ ತಲೆಬಾಗುತ್ತಿದ್ದಳು. ನಮ್ಮ ಮಂಡಳಿಯಲ್ಲಿ ಪರದೆ ಏಳುವ ಮೊದಲು ಮ್ಯಾನೇಜರು ಹಿತ್ತಾಳೆಯ ಸೀಟಿ ಊದುತ್ತಾನೆ. ಸೀಟಿ ಆಗುವ ತನಕ ಬಣ್ಣ ಹಚ್ಚಿ ಕೂತವರು ತುಟಿ ಬಿಚ್ಚುವ ಹಾಗಿಲ್ಲ. ಒಮ್ಮೆ ಹುಲಿಗಿಯ ದಂಡೆಯಲ್ಲಿ, ರಂಗದ ಮೇಲೆ ಕುರ್ಚಿಯಲ್ಲಿ ಕೂತಿದ್ದಾಗ ಅವಳ ಕಾಲಿಗೆ ಚೇಳು ಕಡಿಯಿತು. ಸೀಟಿ ಊದುವ ತನಕ ಉಸಿರೆತ್ತಲಿಲ್ಲ. ಊದಿದ ಮೇಲೆ ಅವಳು ಕೂಗಿದ ಕೂಗಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟಿ ವನ್ಸ್‌ಮೋರ್ ಎಂದರು.

ಆರು ವರ್ಷದ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ತಿರುಗಿ ಬಂದವು, ಬುದ್ಧಿ ಮೊದಲಿನ ಹಾಗೇ ಚೂಪಾಗಿ ಉಳಿಯಿತು. ಮಾತು ಮಾತ್ರ ಹೋಯಿತು. ನನ್ನ ಹೆಸರು ಹೋಯಿತು, ದೇವರ ಹೆಸರು ಹೋಯಿತು, ಅರವತ್ತು ನಾಟಕಗಳ ಸಂಭಾಷಣೆ ಹೋಯಿತು. ಹನ್ನೆರಡನೆಯ ದಿನ ನಾನು ಗಂಜಿ ಕುಡಿಸುತ್ತಿದ್ದಾಗ, ಉಪ್ಪು ಹಾಕಲು ಮರೆತಿದ್ದೆ, ಅವಳು ಚಮಚ ತಳ್ಳಿ ನನ್ನ ಮುಖ ನೋಡಿ, ‘ಸೂಪರ್’ ಅಂದಳು. ಅಷ್ಟೇ ಉಳಿದಿತ್ತು. ಯಾವುದೋ ಹಳೆಯ ನಾಟಕದ ಹಾಸ್ಯ ದೃಶ್ಯದಿಂದ ಅಂಟಿಕೊಂಡು ಬಂದ ಪದ. ಉಪ್ಪಿನ ಡಬ್ಬಿ ತಂದೆ.

ಅಂದಿನಿಂದ ಅವಳು ಆ ಒಂದು ಪದದಲ್ಲೇ ಸಂಸಾರ ನಡೆಸಿದಳು. ಎಳೆದು ಅಂದರೆ ಕಿಟಕಿ ತೆಗೆ. ಕತ್ತರಿಸಿ ಅಂದರೆ ಬಾಯಿ ಮುಚ್ಚು. ಮೂಗಿನಿಂದ ಅಂದರೆ ಬಂದ ನೆಂಟರು ಯಾವಾಗ ಹೋಗುತ್ತಾರೆ. ನಮಗಿಂತ ಮೊದಲು ಕಲಿತದ್ದು ಕಿವಿಗೋಡೆ. ಕಿವಿಗೋಡೆ ನಿಮಗೆ ತಿಳಿಯದು: ನಮ್ಮ ಮನೆಗಳಲ್ಲಿ ಗೋಡೆಗಳೇ ಮಾತು ಕೇಳಿಸಿಕೊಂಡು ಬಾಗಿಲು ತೆಗೆಯುತ್ತವೆ, ನೀರು ಬಿಡುತ್ತವೆ, ದೀಪ ಹಾಕುತ್ತವೆ, ಬಿದ್ದವರಿಗೆ ಡಾಕ್ಟರನ್ನು ಕರೆಯುತ್ತವೆ. ಹಿಂದೆ ನಾಯಿ ಬೊಗಳಿದರೂ ಬಾಗಿಲು ತೆಗೆದುಕೊಳ್ಳುತ್ತಿತ್ತಂತೆ. ಅದಕ್ಕೇ ಈಗ ನುಡಿಪಟ್ಟಿ ಎಂಬ ಸರಕಾರಿ ಪಟ್ಟಿಯಲ್ಲಿರುವ ಪದಗಳನ್ನು ಮಾತ್ರ ಗೋಡೆ ಮಾತೆಂದು ಲೆಕ್ಕಿಸುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಅದಕ್ಕೆ ಬರೀ ಸದ್ದು, ಕೆಮ್ಮಿನ ಹಾಗೆ, ಸೀನಿನ ಹಾಗೆ. ಸೂಪರ್ ಪಟ್ಟಿಯಲ್ಲಿತ್ತು. ನಮ್ಮ ತೆಪ್ಪದ ಗೋಡೆ ಚಿಗವ್ವನ ಹದಿನಾಲ್ಕು ಬಗೆಯ ಸೂಪರನ್ನು ಕಲಿತಿತ್ತು. ನಾವೆಲ್ಲ ಬಣ್ಣ ಹಚ್ಚಿ ರಂಗದ ಮೇಲಿದ್ದಾಗಲೂ ಅವಳು ಒಬ್ಬಳೇ ಧೈರ್ಯವಾಗಿ ಇರುತ್ತಿದ್ದಳು.

ಹೀಗಿರುವಾಗ ಪದಸಭೆಯ ಚೀಟಿ ಬಂತು. ಹನ್ನೆರಡು ವರ್ಷಕ್ಕೊಮ್ಮೆ ಹೊಸಪೇಟೆಯಲ್ಲಿ ಕೂಡುವ ಈ ಸಭೆ ಪಟ್ಟಿಯನ್ನು ಗುಡಿಸುತ್ತದೆ. ಸವೆದುಹೋದ, ಏನನ್ನಾದರೂ ಹೇಳಬಲ್ಲ, ಆದ್ದರಿಂದ ಏನನ್ನೂ ಹೇಳದ ಪದಗಳಿಗೆ ವಿಶ್ರಾಂತಿ ಕೊಡುತ್ತದೆ. ಗೋಡೆಗಳಿಗೆ ಗೊಂದಲವಾಗಬಾರದೆಂಬುದು ಅವರ ಕಾಳಜಿ, ತಪ್ಪೇನಲ್ಲ. ಗಿಣಿಗೇರಿಯಲ್ಲಿ ಒಬ್ಬ ಮದುಮಗ ಕನ್ನಡಿ ಮುಂದೆ ನಿಂತು ತನಗೆ ತಾನೇ ಸೂಪರ್ ಅಂದುಕೊಂಡಾಗ ಗೋಡೆ ಅವನ ತಲೆಯ ಮೇಲೆ ಎರಡು ಕೊಡ ನೀರು ಸುರಿದಿತ್ತು. ಈ ಸಲದ ಪಟ್ಟಿಯಲ್ಲಿ ಸೂಪರ್ ಮೂರನೆಯದು. ಅದು ಹೋದರೆ ಚಿಗವ್ವ ಗೋಡೆಯ ಪಾಲಿಗೆ ಮೂಕಿ. ಮಾತಿಲ್ಲದವರು ಕಿವಿಗೋಡೆಯ ಮನೆಯಲ್ಲಿ ಇರುವ ಹಾಗಿಲ್ಲ, ಕಾನೂನು ಹಾಗಿದೆ, ಅವರಿಗಾಗಿ ಮೌನಧಾಮಗಳಿವೆ. ಸ್ವಚ್ಛವಾದ ಜಾಗ, ಒಳ್ಳೆಯ ಜನ. ಗಂಟೆ ಹೊಡೆದಾಗ ನೀರು, ಗಂಟೆ ಹೊಡೆದಾಗ ಊಟ. ಏನು ಬೇಕು ಎಂದು ಯಾರೂ ಕೇಳುವುದಿಲ್ಲ, ಉತ್ತರ ಬರುವುದಿಲ್ಲವಲ್ಲ. ಚೀಟಿಯನ್ನು ನಾನು ಗಟ್ಟಿಯಾಗಿ ಓದಿದಾಗ ಚಿಗವ್ವ ನೀರಿನ ಕಡೆ ತಿರುಗಿ, ಸಣ್ಣ ದನಿಯಲ್ಲಿ ಒಂದು ಸೂಪರ್ ಅಂದಳು. ಅದು ಹದಿನೈದನೆಯದು. ಗೋಡೆಗೂ ಅದು ಗೊತ್ತಿರಲಿಲ್ಲ.

ಒಂದು ಪದವನ್ನು ಉಳಿಸಿಕೊಳ್ಳಬೇಕೆಂದರೆ ಅದನ್ನು ಬಳಸುವವರೇ ಸಭೆಗೆ ಬಂದು, ಬದುಕಿದೆ ಎಂದು ತೋರಿಸಬೇಕು. ಬೇರೆಯವರು ಅರ್ಥ ಬಿಡಿಸಿ ಹೇಳುವ ಹಾಗಿಲ್ಲ. ಪದದ ಹುಟ್ಟುಬೆಳವಣಿಗೆ ಹೇಳಲು ಒಬ್ಬರಿಗೆ ಅವಕಾಶ. ಎರಡಕ್ಕೂ ಸೇರಿ ಮರಳುಗಡಿಯಾರದಲ್ಲಿ ಒಂದು ಗಳಿಗೆ. ಮಂಗಳವಾರ ಬೆಳಿಗ್ಗೆ ನಾನೇ ಚಿಗವ್ವನ ತಲೆ ಬಾಚಿದೆ. ಎಷ್ಟೆಂದರೂ ದೊಡ್ಡ ಸಭೆ ಎಂದು ಅವಳು ರಂಗದ ಮೇಲೆ ಉಡುತ್ತಿದ್ದ ಹಳೆಯ ಇಳಕಲ್ ಸೀರೆ ಉಡಿಸಿ, ಮುಖಕ್ಕೆ ತೆಳ್ಳಗೆ ಬಣ್ಣವನ್ನೂ ಹಚ್ಚಿದೆ. ಆ ಬಣ್ಣದ ವಿಷಯ ನೆನಪಿಟ್ಟುಕೊಳ್ಳಿ.

ಎದುರು ಪಕ್ಷದಲ್ಲಿ, ಈ ಪದ ತೆಗೆಯಬೇಕೆಂದು ಅರ್ಜಿ ಹಾಕಿದ ಪದವೈದ್ಯ ಅನಂತಶಯನ ಕಟ್ಟಿಯವರು. ಪದಗಳ ನಾಡಿ ಹಿಡಿದು ಆಯುಷ್ಯ ಹೇಳುವುದು ಅವರ ಕೆಲಸ. ಸಜ್ಜನರು, ಶಾಲು ಹೊದ್ದವರು, ದನಿ ಎತ್ತದವರು. ಅವರು ನಿಮ್ಮ ಕಾಲದ ಏಳು ಸಾವಿರ ಸೂಪರುಗಳನ್ನು ಹುಡುಕಿ ತಂದಿದ್ದರು. ಒಂದೊಂದಾಗಿ ತೋರಿಸಿದರು. ಇಡ್ಲಿಗೆ ಸೂಪರ್, ಮಗು ಹುಟ್ಟಿದ್ದಕ್ಕೆ ಸೂಪರ್, ಬಸ್ಸು ತಪ್ಪಿದ್ದಕ್ಕೂ ಸೂಪರ್. ತೀರಿಹೋದವರೊಬ್ಬರ ಫೋಟೋದ ಕೆಳಗೆ, ಪೂರ್ತಿ ಓದದೆ, ಯಾರೋ ಎತ್ತಿದ ಹೆಬ್ಬೆರಳಿನ ಮೂರು ಚಿತ್ರ ಇಟ್ಟು ಸೂಪರ್ ಎಂದು ಬರೆದಿದ್ದರು. ಸಭೆಯಲ್ಲಿ ಯಾರೂ ನಗಲಿಲ್ಲ. ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ನಾನು ಎದ್ದೆ. ಎದ್ದೆ ಅಂದರೆ ಹೇಗೆ ಎದ್ದೆ. ಮೂರು ತಿಂಗಳು ಓದಿ ತಯಾರಾಗಿದ್ದೆ. ಲ್ಯಾಟಿನ್ ಎಂಬ ಪುರಾತನ ಭಾಷೆಯಲ್ಲಿ ಇದು ‘ಮೇಲೆ’ ಎಂಬಷ್ಟೇ ಅರ್ಥದ ಪುಟ್ಟ ಪದವಾಗಿತ್ತು ಎಂದೆ. ಇಂಗ್ಲಿಷಿಗೆ ಬಂದು ಬೇರೆ ಪದಗಳ ಹೆಗಲೇರಿ ಕೂತಿತು. ಅವಸರದ ಜನ ಉದ್ದ ಪದಗಳನ್ನು ಕತ್ತರಿಸತೊಡಗಿದಾಗ ಹೆಗಲಿನಿಂದ ಇಳಿದು ಸ್ವಂತ ಕಾಲ ಮೇಲೆ ನಿಂತಿತು. ಬಟ್ಟೆ ವ್ಯಾಪಾರಿಗಳು ಅತಿ ನಯವಾದ ಬಟ್ಟೆಗೆ ಸೂಪರ್ ಎಂದರು. ಅದೇ ಕಾಲಕ್ಕೆ ಇಂಗ್ಲಿಷರ ನಾಟಕ ಕಂಪನಿಗಳಲ್ಲಿ, ಒಂದೂ ಮಾತಿಲ್ಲದೆ ಭರ್ಜಿ ಹಿಡಿದು ಹಿಂದೆ ನಿಲ್ಲುವವನನ್ನು, ಲೆಕ್ಕಕ್ಕೆ ಮೀರಿದವನು ಎಂಬರ್ಥದ ಉದ್ದ ಹೆಸರನ್ನು ಕತ್ತರಿಸಿ, ಸೂಪರ್ ಎಂದೇ ಕರೆಯುತ್ತಿದ್ದರು. ಇಲ್ಲಿ ನಾನು ಚಿಗವ್ವನ ಕಡೆ ಒಮ್ಮೆ ತಿರುಗಿ ನೋಡಿದೆ, ನಾಟಕಕ್ಕಲ್ಲ, ನಿಜವಾಗಿ. ಮುಂದೆ ಅಂಗಡಿಯ ಗುಣವಾಚಕ ಬೀದಿಗಿಳಿದು ‘ಬಲು ಚೆನ್ನ’ ಎಂದಾಯಿತು, ಕಾಲೇಜು ಹುಡುಗರ ಬಾಯಿ ಸೇರಿತು, ಕನ್ನಡಕ್ಕೆ ಬಂತು. ಬಂದ ದಿನವೇ ನಮ್ಮ ಅಂಗಿ ತೊಟ್ಟಿತು: ಸೂಪರಾಗಿದೆ, ಸೂಪರಪ್ಪ, ಸೂಪರ್ ಐತಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಅದು ‘ಸಾಕು, ಮಾತು ಮುಗಿಸು’ ಎಂದಾಯಿತು, ಯಾಕೆಂದರೆ ಜನ ಮಾತು ಮುಗಿಸುವುದಕ್ಕೇ ಅದನ್ನು ಹೇಳುತ್ತಿದ್ದರು. ಅವರ ಮೊಮ್ಮಕ್ಕಳ ಕಾಲಕ್ಕೆ ಲಿಫ್ಟುಗಳು ಮಾತ್ರ ಅದನ್ನು ಆಡುತ್ತಿದ್ದವು, ಮಹಡಿ ಬಂದಾಗ. ಕೊನೆಗೆ ಹಾಸ್ಯಪಾರ್ಟಿನವರ ಬಾಯಲ್ಲಿ ಉಳಿಯಿತು. ಹೀಗೆ ಕೈ ಎತ್ತಿ, ಕಣ್ಣು ಅರಳಿಸಿ, ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳಿ ಮುಗಿಸಿ ತಿರುಗಿ ನೋಡಿದರೆ ಮರಳುಗಡಿಯಾರದ ಮೇಲಿನ ಬುರುಡೆಯಲ್ಲಿ ಎರಡು ಚಮಚ ಮರಳಿತ್ತು.

ಸಭೆಯ ಅಧ್ಯಕ್ಷೆ ಜುಲೇಖಾ ನದಾಫರು ಚಿಗವ್ವನ ಕಡೆ ತಿರುಗಿ, ಈಗ ನೀವು ಹೇಳಬಹುದು ಎಂದರು. ಚಿಗವ್ವ ನಡುವಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಏನೂ ಅನ್ನಲಿಲ್ಲ. ಅಧ್ಯಕ್ಷೆ ಇನ್ನೊಮ್ಮೆ ಕೇಳಿದರು. ಮೂರನೆಯ ಸಲ ಇನ್ನೂ ಮೃದುವಾಗಿ ಕೇಳಿದರು. ಚಿಗವ್ವ ಕಣ್ಣು ಮಿಟುಕಿಸದೆ ಎದುರು ನೋಡುತ್ತಿದ್ದಳು. ಕಟ್ಟಿಯವರು ಎದ್ದು, ಈ ಮೌನವೇ ಉತ್ತರವೆಂದು ಹೇಳಲು ತಮಗೆ ಸಂತೋಷವಿಲ್ಲ, ಆದರೂ ಹೇಳಬೇಕಾಗಿದೆ ಎಂದರು. ಮರಳು ದಾರವಾಗಿ ಇಳಿಯುತ್ತಿತ್ತು. ಇದ್ದೊಂದು ಪದವೂ ಹೋಯಿತೇ ಎಂದು ನಾನು ಅವಳ ಕಡೆ ಬಾಗಿ ನೋಡಿದೆ.

ಆಗ ಅವಳ ಮುಖದ ಬಣ್ಣ ಕಂಡಿತು. ಅಯ್ಯೋ ನನ್ನ ಬುದ್ಧಿಗೆ. ಬಣ್ಣ ಹಚ್ಚಿ, ರಂಗದ ಸೀರೆ ಉಡಿಸಿ, ನಟ್ಟನಡುವೆ ಕುರ್ಚಿಯಲ್ಲಿ ಕೂರಿಸಿದವನು ನಾನು. ಎದುರಿಗೆ ಸಾಲುಸಾಲು ಜನ. ಸೀಟಿಯೇ ಆಗಿಲ್ಲ, ಹುಲಿಗೆವ್ವ ಹೇಗೆ ಮಾತಾಡುತ್ತಾಳೆ? ಚೇಳು ಕಡಿದಾಗ ಬಿಚ್ಚದ ತುಟಿ ಅಧ್ಯಕ್ಷರು ಕೇಳಿದರೆ ಬಿಚ್ಚೀತೇ? ಕೊರಳಿಗೆ ಕೈ ಹಾಕಿದೆ. ಹಿತ್ತಾಳೆಯ ಸೀಟಿ ಅಲ್ಲೇ ಇತ್ತು, ಮ್ಯಾನೇಜರನ ಕೊರಳಲ್ಲಿ ಅದು ಸದಾ ಇರುತ್ತದೆ. ಊದಿದೆ. ಆ ಸಭಾಂಗಣದಲ್ಲಿ ಕೆಮ್ಮುವುದಕ್ಕೂ ಅನುಮತಿ ಬೇಕು. ಇಬ್ಬರು ಕಾವಲಿನವರು ಓಡಿಬಂದು ನನ್ನ ರಟ್ಟೆ ಹಿಡಿದರು. ಹಿಡಿಯಲಿ ಬಿಡಿ. ಚಿಗವ್ವನ ಹೆಗಲು ಸಡಿಲವಾಯಿತು, ಮುಖದಲ್ಲಿ ಜೀವ ಬಂತು.

ಅವಳು ಅಧ್ಯಕ್ಷರ ಕಡೆ ನೋಡಲಿಲ್ಲ, ಕಟ್ಟಿಯವರ ಕಡೆ ನೋಡಲಿಲ್ಲ. ಪಕ್ಕದ ಮೇಜಿನಲ್ಲಿ ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದ ಯಮನೂರಪ್ಪನ ಕಡೆ ನೋಡಿದಳು. ಮೂವತ್ತು ವರ್ಷದಿಂದ ಅದೇ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಾ ಬಂದ, ತಲೆ ಎತ್ತದೆ ಬರೆಯುವ ಮನುಷ್ಯ. ಚಿಗವ್ವ ಒಣಗಿದ ದನಿಯಲ್ಲಿ, ಕೊನೆಯನ್ನು ಸ್ವಲ್ಪ ಇಳಿಸಿ, ‘ಸೂಪರ್’ ಅಂದಳು.

ಯಮನೂರಪ್ಪ ಲೇಖನಿ ಕೆಳಗಿಟ್ಟ. ಎದ್ದು ಮೂಲೆಯ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ತಂದು ಅವಳ ಕೈಗೆ ಕೊಟ್ಟ. ಅವಳು ಅಷ್ಟನ್ನೂ ಕುಡಿದು ಲೋಟ ವಾಪಸು ಕೊಡುತ್ತಾ ಮೆತ್ತಗೆ ಇನ್ನೊಂದು ಸೂಪರ್ ಅಂದಳು. ‘ಇರ್ಲಿ ಬಿಡ್ರಿ ಯವ್ವಾ’ ಎಂದು ಅವನು ಹೋಗಿ ಕೂತು ಮತ್ತೆ ಬರೆಯತೊಡಗಿದ. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಮರಳುಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಹಲ್ಲು ಕಚ್ಚಿ ಒಂದೇ ಒಂದು ಸೂಪರ್ ಬಿಟ್ಟಳು. ಹಿಂದಿನ ಸಾಲಿನಿಂದ ಹಿಡಿದು ಕಾವಲಿನವರ ತನಕ ಇಡೀ ಸಭೆ ಘೊಳ್ಳೆಂದು ನಕ್ಕಿತು. ಮರಳು ಮುಗಿಯಿತು.

ನಗು ಅಡಗಿದ ಮೇಲೆ ಅಧ್ಯಕ್ಷೆ ಯಮನೂರಪ್ಪನ ಕಡೆ ತಿರುಗಿದರು.

‘ಯಮನೂರಪ್ಪ, ಅವರಿಗೆ ನೀರು ಕೊಡಂತ ನಿಮಗ ಯಾರು ಹೇಳಿದ್ರು?’

‘ಯಾರೂ ಹೇಳಿಲ್ರಿ. ಅವರ ಕೇಳಿದ್ರಲ್ರಿ.’

‘ಏನಂತ ಕೇಳಿದ್ರು?’

ಅವನು ಹಾಳೆಯತ್ತ ಬಗ್ಗಿದ. ತಾನು ಬರೆದದ್ದನ್ನು ತಾನೇ ನೋಡಿಕೊಂಡ. ಅಧ್ಯಕ್ಷೆ ಆ ಹಾಳೆ ತರಿಸಿಕೊಂಡು ಗಟ್ಟಿಯಾಗಿ ಓದಿದರು. ಪದಸಭೆಯ ನಡಾವಳಿಯನ್ನು ಒಮ್ಮೆ ಬರೆದ ಮೇಲೆ ತಿದ್ದುವ ಹಾಗಿಲ್ಲ, ಅದು ಆ ಸಭೆಯ ಮೊದಲ ಕಟ್ಟಳೆ. ಅದರಲ್ಲಿ ಹೀಗಿತ್ತು: ಸಾಕ್ಷಿಯು ಕುಡಿಯಲು ನೀರು ಕೇಳಿದರು. ಕೊಡಲಾಯಿತು. ಸಾಕ್ಷಿಯು ಉಪಕಾರ ಸ್ಮರಿಸಿದರು. ಸಾಕ್ಷಿಯು ಅತಿಯಾಗಿ ಮಾತಾಡಿದ್ದಕ್ಕೆ ಮಗನನ್ನು ಬೈದರು.

ಕಟ್ಟಿಯವರು ತಾವಾಗಿಯೇ ಎದ್ದರು. ಏಳು ಸಾವಿರ ಸಲ ಸತ್ತದ್ದನ್ನು ತೋರಿಸಿದೆ, ಒಂದು ಸಲ ಬದುಕಿದ್ದನ್ನು ಕಣ್ಣಾರೆ ಕಂಡೆ, ನನ್ನ ಅರ್ಜಿ ಹಿಂದಕ್ಕೆ ಪಡೆಯುತ್ತೇನೆ ಎಂದು ಹೇಳುವಾಗ ಅವರ ಮುಖದಲ್ಲೂ ನಿರಾಳವಿತ್ತು. ಆ ಮನುಷ್ಯನಿಗೆ ಒಬ್ಬ ಮುದುಕಿಯನ್ನು ಮೌನಧಾಮಕ್ಕೆ ಕಳಿಸುವ ಆಸೆ ಎಂದೂ ಇರಲಿಲ್ಲ. ಅವರು ಕೂರುವಷ್ಟರಲ್ಲಿ ಚಿಗವ್ವ ಅವರ ಕಡೆ ಬೆರಳು ತೋರಿಸಿ ಸಣ್ಣಗೆ ಏನೋ ಅಂದಳು. ಏನೋ ಅಂದರೆ, ಅದನ್ನೇ. ಕಟ್ಟಿಯವರು ಥಟ್ಟನೆ ನೆಲದ ಮೇಲೆ ಜಾರಿದ್ದ ಶಾಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು.

ಪದ ಉಳಿಯಿತು. ನುಡಿಪಟ್ಟಿಯಲ್ಲಿ ಪ್ರತಿ ಪದದ ಎದುರು ಅರ್ಥ ಬರೆಯಲು ಒಂದು ಖಾಲಿ ಜಾಗವಿರುತ್ತದೆ. ಅಲ್ಲಿ ಏನು ಬರೆಯುವುದೆಂದು ಸಭೆ ಸಂಜೆಯ ತನಕ ಜಗ್ಗಾಡಿತಂತೆ. ನಾವು ಅಷ್ಟರಲ್ಲಿ ಮಿರ್ಚಿ ತಿನ್ನುತ್ತಾ ತೆಪ್ಪದ ಕಡೆ ಹೊರಟಿದ್ದೆವು. ಮರುದಿನ ಬಂದ ಪ್ರತಿಯಲ್ಲಿ ಹೀಗಿದೆ: ‘ಸೂಪರ್. ಅರ್ಥ: ಹೇಳುವವರ ಮುಖ ನೋಡಿ.’

ಈಗ ನಿಮ್ಮಲ್ಲಿ ನನ್ನ ವಿನಂತಿ. ನಿಮ್ಮ ಏಳು ಸಾವಿರ ಸೂಪರುಗಳನ್ನು ಮನೆಗೆ ತಂದು ನಾನು ಪುನಃ ನೋಡಿದೆ. ಅವು ಸತ್ತಂತೆ ಕಂಡದ್ದು ಪದದ ತಪ್ಪಲ್ಲ. ಒಂದರಲ್ಲೂ ಮುಖವಿರಲಿಲ್ಲ, ದನಿ ಇರಲಿಲ್ಲ, ಬರೀ ಹೆಬ್ಬೆರಳು. ನೀವು ಆ ಪದವನ್ನು ಕಡಿಮೆ ಆಡಿ ಎಂದು ನಾನು ಹೇಳುವುದಿಲ್ಲ, ಹೆಚ್ಚೇ ಆಡಿ. ಆದರೆ ದಿನಕ್ಕೊಮ್ಮೆಯಾದರೂ ಎದುರಿಗಿರುವ ಒಬ್ಬರ ಮುಖ ನೋಡಿ, ಬಾಯಿ ತುಂಬ ಆಡಿ. ನಿಮ್ಮ ಮನೆಯಲ್ಲಿ ಯಾರಾದರೂ ಆಡಿದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಕೇಳಿಸಿಕೊಳ್ಳಿ, ನೀರು ಕೇಳುತ್ತಿರಬಹುದು. ಯಾವ ಪದ ಯಾರಿಗೆ ಕೊನೆಯದಾಗಿ ಉಳಿಯುತ್ತದೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದು ಅವರ ಬಾಯಲ್ಲಿ ಸವೆಯದೆ ಇರಬೇಕೆಂದರೆ ಇಂದು ನಿಮ್ಮ ಬಾಯಲ್ಲಿ ಅದಕ್ಕೆ ಸ್ವಲ್ಪ ಜೀವ ಇರಬೇಕು.

ಈ ಪತ್ರವನ್ನು ಹಿಂದಂಚೆಯ ಡಬ್ಬಿಗೆ ಹಾಕುವ ಮೊದಲು ಚಿಗವ್ವನಿಗೆ ಪೂರ್ತಿ ಓದಿ ಹೇಳಿದೆ. ಕಿಟಕಿಯ ಪಕ್ಕ ಕೂತು, ಎಲೆಯಡಿಕೆ ಹಾಕಿಕೊಂಡು, ಚೇಳಿನ ಕತೆ ಬಂದ ಜಾಗದಲ್ಲಿ ನಕ್ಕು, ಕೊನೆಯ ತನಕ ಕೇಳಿದಳು. ಆಮೇಲೆ ಒಂದು ಪದ ಅಂದಳು. ಯಾವ ಪದ ಎಂದು ನಿಮಗೆ ಗೊತ್ತು. ಯಾವ ದನಿಯಲ್ಲಿ ಎಂದು ಮಾತ್ರ ನಿಮಗೆ ಕೇಳಿಸುವ ಹಾಗಿಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ: ಬಹಳ ಉದ್ದವಾಯಿತು, ಇಷ್ಟಕ್ಕೇ ನಿಲ್ಲಿಸು, ಬಂದು ಊಟ ಮಾಡು.

ಹೊರಟೆ. ಪರದೆ ಇಳಿಸಿ.

ಗವಿಸಿದ್ದಪ್ಪ, ರಾಜಾಪಾರ್ಟು